ನಾಲ್ವರು ವೇಗಿಗಳಿದ್ದರೆ ಯಾರು ಬೇಕಾದರೂ ನಾಯಕರೇ?

ವೆಸ್ಟ್ ಇಂಡೀಸ್ ಕ್ರಿಕೆಟ್ ತಂಡದ ಮಾಜಿ ನಾಯಕ ಕ್ಲೈವ್ ಲಾಯ್ಡ್ ಅವರನ್ನು ಹೊಗಳಿ ಬರೆದಾಗಿನಿಂದ ಅದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಒಮ್ಮೆ ಬರೆದು ಮುಗಿಸುತ್ತೇನೆ. ಅವರ ಶತಕಗಳ ಪಟ್ಟಿ ಕೇಳಿದವರು ದಯವಿಟ್ಟು ತಾವೇ ಹುಡುಕಿಕೊಳ್ಳಿ.

*ರಾಬರ್ಟ್ಸ್, ಹೋಲ್ಡಿಂಗ್, ಗಾರ್ನರ್, ಮಾರ್ಷಲ್ ಇದ್ದ ಮೇಲೆ ನಾಯಕನಿಗೇನು ಕೆಲಸ? ಚೆಂಡು ಕೈಗಿತ್ತು ಸ್ಲಿಪ್‌ನಲ್ಲಿ ನಿಂತರಾಯಿತು. ಲಾಯ್ಡ್ ಅವರನ್ನು ಹೊಗಳಿದ್ದು ಅತಿಯಾಗಲಿಲ್ಲವೇ? (ಶಿವಮೊಗ್ಗದ ಓದುಗರು)*

ಆ ನಾಲ್ವರನ್ನು ಯಾರೋ ತಟ್ಟೆಯಲ್ಲಿಟ್ಟು ಕೊಟ್ಟರು ಎಂದುಕೊಂಡಿದ್ದೀರಿ. ಲಾಯ್ಡ್ ನಾಯಕರಾಗಿ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲಿ, 1974ರ ನವೆಂಬರ್‌ನಲ್ಲಿ. ಈಗಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೂ ಅದು ಮೊದಲ ಟೆಸ್ಟ್. ಎರಡನೇ ಇನಿಂಗ್ಸ್‌ನಲ್ಲಿ ಅವರು 163 ಹೊಡೆದರು, ತಂಡ 267 ರನ್‌ಗಳಿಂದ ಗೆದ್ದಿತು. ಅಲ್ಲೇ ಪದಾರ್ಪಣೆ ಮಾಡಿದ ವಿವಿಯನ್ ರಿಚರ್ಡ್ಸ್ ಎರಡೂ ಸಲ ಚಂದ್ರಶೇಖರ್‌ಗೆ ಬಲಿಯಾದರು. ಆ ಸರಣಿಯಲ್ಲಿ ನಿಜಕ್ಕೂ ಭಯ ಹುಟ್ಟಿಸುತ್ತಿದ್ದ ವೇಗಿ ಆ್ಯಂಡಿ ರಾಬರ್ಟ್ಸ್ ಒಬ್ಬರೇ. ಸರಣಿ 2-2 ಆಗಿ, ಕೊನೆಯ ಟೆಸ್ಟ್‌ಗೆ ವಾಂಖೆಡೆಗೆ ಬಂದಾಗ ಲಾಯ್ಡ್ ಔಟಾಗದೆ 242 ಮಾಡಿದರು. ಭಾರತದ ಮೊದಲ ಇನಿಂಗ್ಸ್‌ನಲ್ಲಿ ಏಳು ವಿಕೆಟ್ ಕಿತ್ತವರು ಆಫ್‌ಸ್ಪಿನ್ನರ್ ಲ್ಯಾನ್ಸ್ ಗಿಬ್ಸ್. ಆದ್ದರಿಂದ ‘ಲಾಯ್ಡ್‌ಗೆ ಸ್ಪಿನ್ ಎಂದರೆ ಅಲರ್ಜಿ’ ಎಂಬ ಮೊಬೈಲ್ ಸಂದೇಶವನ್ನು ಇನ್ನು ಮುಂದೆ ನನಗೆ ಕಳುಹಿಸಬೇಡಿ.

ಮನಸ್ಸು ಬದಲಾದದ್ದು ಸೋಲಿನಿಂದ. 1975-76ರಲ್ಲಿ ಆಸ್ಟ್ರೇಲಿಯಾದಲ್ಲಿ ವೇಗಿಗಳಾದ ಲಿಲ್ಲಿ, ಥಾಮ್ಸನ್ ಎದುರು 5-1ರ ಪೆಟ್ಟು ಬಿತ್ತು. ಅದರ ಬೆನ್ನಿಗೇ 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್ ಟೆಸ್ಟ್. ಮೂವರು ಸ್ಪಿನ್ನರ್‌ಗಳನ್ನು ಇಟ್ಟುಕೊಂಡು ಲಾಯ್ಡ್ ಡಿಕ್ಲೇರ್ ಮಾಡಿಕೊಂಡರು, ಭಾರತಕ್ಕೆ 403ರ ಗುರಿ ಕೊಟ್ಟರು. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಮೊಹಿಂದರ್ 85, ಕೊನೆಗೆ ಬ್ರಿಜೇಶ್ ಪಟೇಲ್ ಔಟಾಗದೆ 49. ನಾಲ್ಕೇ ವಿಕೆಟ್‌ಗೆ 406! ನಾಲ್ವರು ವೇಗಿಗಳ ಸೂತ್ರದ ಅರ್ಧ ಪಾಠವನ್ನು ಲಾಯ್ಡ್‌ಗೆ ಹೇಳಿಕೊಟ್ಟವರು ನಮ್ಮ ಬ್ಯಾಟ್ಸ್‌ಮನ್‌ಗಳೇ. ಇದನ್ನು ನಾವು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಗುರುದಕ್ಷಿಣೆಯೂ ಬೇಗನೆ ಸಿಕ್ಕಿತು. ಮುಂದಿನ ಟೆಸ್ಟ್ ಕಿಂಗ್ಸ್‌ಟನ್‌ನಲ್ಲಿ. ಈ ಸಲ ನಾಲ್ವರು ವೇಗಿಗಳು: ಹೋಲ್ಡಿಂಗ್, ಡೇನಿಯಲ್, ಜೂಲಿಯನ್, ಹೋಲ್ಡರ್. ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶರ ಬಾಯಿಗೆ ಪೆಟ್ಟಾಯಿತು, ಗಾಯಕ್ವಾಡ್ ಕಿವಿಗೆ ಏಟು ತಿಂದು ಆಸ್ಪತ್ರೆ ಸೇರಿದರು. ಎರಡನೇ ಇನಿಂಗ್ಸ್ 97ಕ್ಕೆ ನಿಂತಿತು. ಐವರು ಬ್ಯಾಟ್ ಹಿಡಿಯುವ ಸ್ಥಿತಿಯಲ್ಲೇ ಇರಲಿಲ್ಲ. ನಾನು ಲಾಯ್ಡ್ ಅಭಿಮಾನಿ. ಆದರೂ ಆ ಟೆಸ್ಟನ್ನು ಮೆಚ್ಚಿ ಬರೆಯಲು ನನ್ನ ಕೈ ಬಾರದು. ಮುಂದೆ ಅವರ ತಂಡ ದಿನಕ್ಕೆ ಎಸೆಯುತ್ತಿದ್ದ ತೀರಾ ಕಡಿಮೆ ಓವರ್‌ಗಳ ಲೆಕ್ಕವೂ ನಾಚಿಕೆಯದೇ.

ಹಾಗಾದರೆ ನಾಯಕತ್ವ ಎಲ್ಲಿತ್ತು? ವೆಸ್ಟ್ ಇಂಡೀಸ್ ಎಂಬ ದೇಶವೇ ಇಲ್ಲ ಸ್ವಾಮಿ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್, ಆಂಟಿಗುವಾ, ಇತ್ತ ದಕ್ಷಿಣ ಅಮೆರಿಕದ ನೆಲದಲ್ಲಿರುವ, ಲಾಯ್ಡ್ ಹುಟ್ಟಿದ ಗಯಾನಾ: ಬೇರೆ ಬೇರೆ ಧ್ವಜ, ಬೇರೆ ಬೇರೆ ಸರ್ಕಾರ. ಆಯ್ಕೆಯಲ್ಲಿ ‘ನಮ್ಮ ದ್ವೀಪದವನೆಲ್ಲಿ’ ಎಂಬ ಕೂಗು ಸದಾ ಇದ್ದದ್ದೇ. 1978ರಲ್ಲಿ, ಆಸ್ಟ್ರೇಲಿಯಾದ ಮಾಧ್ಯಮ ದೊರೆ ಕೆರಿ ಪ್ಯಾಕರ್ ನಡೆಸುತ್ತಿದ್ದ ಖಾಸಗಿ ಸರಣಿಗೆ ಸಹಿ ಹಾಕಿದ ಆಟಗಾರರನ್ನು ಮಂಡಳಿ ಕೈಬಿಟ್ಟಾಗ, ಸರಣಿಯ ನಡುವೆಯೇ ಲಾಯ್ಡ್ ನಾಯಕತ್ವ ಬಿಟ್ಟು ಹೊರನಡೆದರು. ಅಂಥವನ ಮಾತಿಗೆ ಆಟಗಾರರು ಓಡದೆ ಇರುತ್ತಾರೆಯೇ? ಪ್ಯಾಕರ್ ದಿನಗಳಲ್ಲಿ ಸಿಕ್ಕ ಆಸ್ಟ್ರೇಲಿಯಾದ ಡೆನ್ನಿಸ್ ವೇಟ್ ಎಂಬ ತರಬೇತುದಾರ ಮೈ ಮುರಿಯುವಂತೆ ಓಡಿಸಿದಾಗಲೂ ಓಡಿದರು. 74 ಟೆಸ್ಟ್‌ಗಳ ನಾಯಕತ್ವದಲ್ಲಿ 36 ಗೆಲುವು, 12 ಸೋಲು. 1984ರಲ್ಲಿ ಸತತ 11 ಗೆಲುವು. ಒಳ್ಳೆಯ ವೇಗಿಗಳನ್ನು ಇಟ್ಟುಕೊಂಡೂ ಸೋತ ತಂಡಗಳು ಎಷ್ಟಿಲ್ಲ!

ಅಂದ ಹಾಗೆ, ಅವರ ಕೊನೆಯ ಟೆಸ್ಟ್‌ನಲ್ಲಿ, ಸಿಡ್ನಿಯಲ್ಲಿ, ಅವರ ತಂಡವನ್ನು ಇನಿಂಗ್ಸ್ ಸೋಲಿಗೆ ತಳ್ಳಿದ್ದು ಸ್ಪಿನ್ನರ್‌ಗಳು.

*1983ರ ವಿಶ್ವಕಪ್ ಫೈನಲ್ ಸೋತದ್ದು ಲಾಯ್ಡ್ ಅಹಂಕಾರದಿಂದ ಅಲ್ಲವೇ? (ಹುಬ್ಬಳ್ಳಿ)*

ಸ್ನಾಯು ಸೆಳೆತದಲ್ಲಿ ಕುಂಟುತ್ತಿದ್ದರು, ಎಂಟು ರನ್‌ಗೆ ಬಿನ್ನಿ ಚೆಂಡಿನಲ್ಲಿ ಕಪಿಲ್‌ಗೆ ಕ್ಯಾಚ್ ಕೊಟ್ಟರು. ಬೆಂಗಳೂರಿನ ಹುಡುಗ ಚೆನ್ನಾಗಿ ಬೌಲ್ ಮಾಡಿದ ಎಂದು ಒಪ್ಪಿಕೊಳ್ಳಲು ನಿಮಗೇಕೆ ಕಷ್ಟ?

*ಮಗಳಿಗೆ ಕನ್ನಡಕವಿದೆ. ಕಣ್ಣಿಗೆ ತೈಲ ಹಾಕಿಸಿ ಕನ್ನಡಕ ತೆಗೆಸಿದ ಮೇಲೆಯೇ ಆಡಿಸುತ್ತೇನೆ ಎನ್ನುತ್ತಾರೆ ತರಬೇತುದಾರರು. (ಮೈಸೂರು)*

ಆ ತರಬೇತುದಾರರನ್ನು ಮೊದಲು ತೆಗೆಸಿ. ಹುಡುಗರ ಜಗಳ ಬಿಡಿಸಲು ಹೋಗಿ ಕಣ್ಣಿಗೆ ಪೆಟ್ಟು ಮಾಡಿಕೊಂಡಾಗ ಲಾಯ್ಡ್‌ಗೆ ಹನ್ನೆರಡು ವರ್ಷ. ಕನ್ನಡಕ ಹಾಕಿಕೊಂಡೇ 110 ಟೆಸ್ಟ್‌ಗಳಲ್ಲಿ 7515 ರನ್ ಮಾಡಿದರು. ಮಗಳನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ, ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಮಸೂರ ಹಾಕಿಸಿ. ಕಣ್ಣಿಗೆ ತೈಲ ಬಿಡಿಸಬೇಡಿ.

*ಹದಿಮೂರರ ಮಗ ಲಾಯ್ಡ್ ಹಾಗೆ ಮೂರು ಪೌಂಡ್ ತೂಕದ ಬ್ಯಾಟೇ ಬೇಕೆನ್ನುತ್ತಾನೆ. (ತುಮಕೂರು)*

ಕೊಡಿಸಬೇಡಿ. ಆ ಮನುಷ್ಯ ಆರಡಿಗೂ ಎತ್ತರ. ಆ ವಯಸ್ಸಿನಲ್ಲಿ ಅಂಥದ್ದೇ ಬ್ಯಾಟ್ ಎತ್ತಿದ ನನ್ನ ಮೊಣಕೈ ಇಂದಿಗೂ ಮಳೆಗಾಲದಲ್ಲಿ ನೋಯುತ್ತದೆ.