ನಿಮ್ಮ ‘ಎಕ್ಸ್‌ಮಸ್’ ಲೇಖನ ಓದಿದೆ, ಸ್ವಲ್ಪ ಮಾತಾಡೋದಿದೆ

ನಮಸ್ಕಾರ,

ಡಿಸೆಂಬರ್ ಸಂಚಿಕೆಗೆ ಅಂತ ನೀವು ಕಳಿಸಿದ ‘ಎಕ್ಸ್‌ಮಸ್ ಅನ್ನಬೇಡಿ, ಕ್ರಿಸ್ತನ ಹೆಸರು ಅಳಿಸಬೇಡಿ’ ಎರಡು ಸಲ ಓದಿದೆ. ನೇರವಾಗಿ ಹೇಳ್ತೀನಿ, ಈಗಿರೋ ಹಾಗೆ ಹಾಕೋಕೆ ಆಗಲ್ಲ. ಆದ್ರೆ ವಾಪಸ್ ಕಳಿಸಿ ಸುಮ್ಮನಾಗೋಕೂ ಮನಸ್ಸು ಬರ್ತಿಲ್ಲ, ಯಾಕಂದ್ರೆ ಅದರೊಳಗೆ ಒಂದು ಒಳ್ಳೇ ಬರಹ ಇದೆ, ಅದನ್ನ ನೀವು ನಾಲ್ಕನೇ ಪುಟದ ಮೂಲೇಲಿ ಎಂಟು ಸಾಲಲ್ಲಿ ಮುಗಿಸಿಬಿಟ್ಟಿದ್ದೀರ.

ಮೊದಲು ತಪ್ಪಿನ ವಿಷಯ. ನಿಮ್ಮ ವಾದ ಪೂರ್ತಿ ನಿಂತಿರೋದು ಒಂದೇ ಮಾತಿನ ಮೇಲೆ, ಕ್ರಿಸ್‌ಮಸ್ ಅನ್ನೋದನ್ನ ಇಂಗ್ಲಿಷಲ್ಲಿ ಚುಟುಕಾಗಿ ‘Xmas’ ಅಂತ ಬರೆದು ಕ್ರಿಸ್ತನನ್ನ ತೆಗೆದು ಆ ಜಾಗಕ್ಕೆ ಬೀಜಗಣಿತದ ಎಕ್ಸ್ ತಂದು ಕೂರಿಸಿದ್ದಾರೆ, ಎಕ್ಸ್ ಅಂದ್ರೆ ಗೊತ್ತಿಲ್ಲದ್ದು, ಇದು ವ್ಯಾಪಾರಿಗಳ ಹುನ್ನಾರ ಅಂತ. ಇದು ನಿಲ್ಲಲ್ಲ ಕಣ್ರೀ. ಅದು ಮೂಲದಲ್ಲಿ ಇಂಗ್ಲಿಷ್ ಅಕ್ಷರವೇ ಅಲ್ಲ, ನೋಡೋಕೆ ಎಕ್ಸ್ ಥರಾನೇ ಇರೋ ಗ್ರೀಕಿನ ‘ಖಿ’, ‘ಕ್ರಿಸ್ತೋಸ್’ ಅಂದ್ರೆ ಕ್ರಿಸ್ತ ಅನ್ನೋ ಪದದ ಮೊದಲ ಅಕ್ಷರ. ಬೈಬಲ್ಲಿನ ಹೊಸ ಒಡಂಬಡಿಕೆಯ ಹಳೇ ಗ್ರೀಕ್ ಹಸ್ತಪ್ರತಿಗಳಲ್ಲಿ ಯೇಸು, ಕ್ರಿಸ್ತ, ದೇವರು, ಪ್ರಭು ಈ ಪದಗಳನ್ನ ಸಾಮಾನ್ಯವಾಗಿ ಪೂರ್ತಿ ಬರೀತಿರಲಿಲ್ಲ, ಮೊದಲಿನದ್ದು ಕೊನೇದು ಅಂತ ಎರಡು ಅಕ್ಷರ ಬರೆದು ತಲೆ ಮೇಲೊಂದು ಗೆರೆ ಎಳೀತಿದ್ರು. ಅಕ್ಕಪಕ್ಕದ ಮಾಮೂಲಿ ಪದಗಳನ್ನ ಪೂರ್ತಿ ಬರೆದು ಇವನ್ನ ಮಾತ್ರ ಹಾಗೆ ಬರೀತಿದ್ರು ಅಂದ್ರೆ ಅದು ಜಾಗ ಉಳಿಸೋ ಲೆಕ್ಕ ಅಲ್ಲ, ಭಕ್ತಿ. ಎಷ್ಟೋ ಚರ್ಚುಗಳ ಬಲಿಪೀಠದ ಮೇಲೆ ‘ಐ ಎಚ್ ಎಸ್’ ಅಂತ ಕೆತ್ತಿರ್ತಾರಲ್ಲ, ಅದೂ ಯೇಸುವಿನ ಗ್ರೀಕ್ ಹೆಸರಿನ ಮೊದಲ ಮೂರಕ್ಷರ, ಅದರ ಮುಂದೆ ನೀವು ಮೊಣಕಾಲೂರಿ ಪ್ರಾರ್ಥನೆ ಮಾಡಿರ್ತೀರ, ಅದನ್ನ ಅವಮಾನ ಅಂದ್ಕೊಂಡಿಲ್ಲ.

ಇನ್ನು ಬೀಜಗಣಿತ. ಗೊತ್ತಿಲ್ಲದ್ದಕ್ಕೆ ಎಕ್ಸ್ ಅನ್ನೋ ರೂಢಿ ಬಂದಿದ್ದು ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ 1637ರಲ್ಲಿ ತಂದ ಜ್ಯಾಮಿತಿಯ ಪುಸ್ತಕದಿಂದ. ಇಂಗ್ಲೆಂಡಿನ ಸನ್ಯಾಸಿಗಳು ಹಬ್ಬದ ಹೆಸರನ್ನ ಈ ಗ್ರೀಕ್ ಅಕ್ಷರ ಹಾಕಿ ಬರೆದಿದ್ದು 1100ರ ಆಸುಪಾಸಿನಲ್ಲೇ. ಐನೂರು ವರ್ಷ ಆಮೇಲೆ ಬಂದ ಅರ್ಥವನ್ನ ಮುಂಚಿನವರ ತಲೆಗೆ ಕಟ್ಟೋಕೆ ಆಗುತ್ತಾ? ಈ ಸಿಟ್ಟು ಕೂಡ ಹೊಸದಲ್ಲ, 1977ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಮೆಲ್ಡ್ರಿಮ್ ಥಾಮ್ಸನ್ ಪತ್ರಕರ್ತರಿಗೆ ಹೀಗೆ ಬರೀಬೇಡಿ ಅಂತ ಹೇಳಿಕೆ ಕೊಟ್ಟಿದ್ರು. ನಿಮ್ಮ ಮೂರು ಪ್ಯಾರಾ ಅಲ್ಲಿಂದ ಫಾರ್ವರ್ಡ್ ಆಗಿ ಬಂದ ಮಾತು, ನಿಮ್ಮದಲ್ಲ, ಓದಿದ ತಕ್ಷಣ ಗೊತ್ತಾಗುತ್ತೆ.

ಇನ್ನೊಂದು. ಎರಡನೇ ಪುಟದಲ್ಲಿ ರೋಮಿನವರು ಡಿಸೆಂಬರ್ 25ಕ್ಕೆ ಹಬ್ಬ ಮಾಡಿದ್ದು ‘ಕ್ರಿ.ಶ. 336’ ಅಂತ ಬರೆದಿದ್ದೀರ, ಸರಿಯಾಗೇ ಇದೆ. ಆದ್ರೆ ಆ ‘ಕ್ರಿ.’ ಯಾರ ಹೆಸರು? ಒಂದಕ್ಷರ, ಒಂದು ಚುಕ್ಕಿ, ಅಷ್ಟೇ. ಕನ್ನಡದಲ್ಲಿ ಇದನ್ನ ನೋಡಿ ಯಾರಿಗೂ ನೋವಾಗಿಲ್ಲ, ನಿಮಗೂ ಆಗಿಲ್ಲ.

ಹಾಗಂತ ನಿಮಗೆ ಆಗಿರೋ ನೋವು ಸುಳ್ಳು ಅಂತ ನಾನು ಹೇಳಲ್ಲ. ನಾಲ್ಕನೇ ಪುಟಕ್ಕೆ ಬನ್ನಿ. ಮುಂಬೈಲಿದ್ದ ಮಾವ ಕಳಿಸಿದ ಕಾರ್ಡು, ನೀಲಿ ಬಾಲ್‌ಪೆನ್ನಲ್ಲಿ ದೊಡ್ಡದಾಗಿ ಬರೆದ ಎಕ್ಸ್, ನಿಮ್ಮಜ್ಜಿ ನೆವ್ರಿ ಅನ್ನೋ ಸಿಹಿತಿಂಡಿ ಕರೀತಿದ್ದವರು ಎಣ್ಣೆ ಕೈ ಸೆರಗಿಗೆ ಒರೆಸ್ಕೊಂಡು ಕಾರ್ಡು ತಗೊಂಡು ಆ ಅಕ್ಷರದ ಮೇಲೆ ಬೆರಳಿಟ್ಟು ‘ಇದ್ಯಾಕೆ ಇಂಟು ಹಾಕಿದ್ದಾನೆ, ಏನು ತಪ್ಪಾಯ್ತು’ ಅಂತ ಕೇಳಿದ್ದು. ಓದ್ತಾ ಅಲ್ಲೇ ನಿಂತುಬಿಟ್ಟೆ ನಾನು. ಸ್ಲೇಟಿನ ಮೇಲೆ ಮೇಷ್ಟ್ರು ಹಾಕಿದ ಇಂಟು ಮಾರ್ಕ್ ಮಾತ್ರ ಗೊತ್ತಿದ್ದ ಅಜ್ಜಿಗೆ ಗ್ರೀಕ್ ಖಿ ಎಲ್ಲಿಂದ ಕಾಣ್ಬೇಕು ಹೇಳಿ. ಮತ್ತೆ ಅದೇ ಅಜ್ಜಿ ಬಾಯಲ್ಲಿ ಹಬ್ಬದ ಹೆಸರು ‘ನತಾಲ್’, ಪೋರ್ಚುಗೀಸಿಂದ ಕೊಂಕಣಿಗೆ ಬಂದ ಪದ, ಹುಟ್ಟು ಅಂತ ಅರ್ಥ, ಅದರಲ್ಲಿ ಕ್ರಿಸ್ತನ ಹೆಸರೇ ಇಲ್ಲ! ಹೆಸರಿಲ್ಲದೇ ಜೀವನ ಪೂರ್ತಿ ಭಕ್ತಿಯಿಂದ ಹಬ್ಬ ಮಾಡಿದ ಅಜ್ಜಿಗೆ ಒಂದು ಗುರುತು ನೋಡಿ ಎದೆ ಧಸಕ್ ಅಂದಿದೆ. ಇದನ್ನ ಬಿಟ್ಟು ಬೀಜಗಣಿತದ ಹಿಂದೆ ಯಾಕೆ ಹೋದ್ರಿ?

ನಿಮ್ಮ ಪರವಾಗಿ ಒಂದು ವಾದ ನಾನೇ ಕೊಡ್ತೀನಿ, ಬೇಕಿದ್ರೆ ಬಳಸ್ಕೊಳ್ಳಿ. ಇಂಗ್ಲಿಷಲ್ಲಿ ಒಂಬತ್ತು ಅಕ್ಷರ ನಾಲ್ಕಾಗುತ್ತೆ, ಉಳಿತಾಯ ಇದೆ, ಗ್ರೀಕ್ ಅಕ್ಷರದ ಆಕಾರವೂ ಉಳಿಯುತ್ತೆ. ಕನ್ನಡದಲ್ಲಿ ‘ಎಕ್ಸ್‌ಮಸ್’ ಅಂತ ಬರೆದಾಗ ಆ ಎರಡು ಅಡ್ಡಗೆರೆಯೇ ಹೋಯ್ತು, ಎ ಮತ್ತು ಕ್ಸ್ ಬಂತು, ಅದರಲ್ಲಿ ಖಿಯೂ ಇಲ್ಲ ಕ್ರಿಸ್ತನೂ ಇಲ್ಲ. ಬೆರಳು ಮಡಿಸಿ ಎಣಿಸಿ ನೋಡಿ, ಕ್ರಿ-ಸ್-ಮ-ಸ್ ನಾಲ್ಕು, ಎ-ಕ್ಸ್-ಮ-ಸ್ ಕೂಡ ನಾಲ್ಕೇ. ಒಂದಕ್ಷರದ ಜಾಗವೂ ಉಳೀಲಿಲ್ಲ. ಅದಕ್ಕೇ ನಮ್ಮ ಪತ್ರಿಕೇಲಿ ಯಾವತ್ತೂ ‘ಕ್ರಿಸ್‌ಮಸ್’ ಅಂತಲೇ ಹಾಕೋದು, ಹೆಡ್‌ಲೈನಲ್ಲೂ.

ಮೊದಲ ಮೂರು ಪುಟ ತೆಗೀರಿ, ಕಾರ್ಡು ಬಂದ ದಿನದಿಂದ ಶುರು ಮಾಡಿ. ಗ್ರೀಕ್ ವಿಷಯ ನಿಮಗೆ ಆಮೇಲೆ ಗೊತ್ತಾಗಿದ್ದು ಅಂತ ಒಂದು ಪ್ಯಾರಾದಲ್ಲಿ ಬರಲಿ ಸಾಕು. ಮಾವನ ಮೇಲಿನ ಸಿಟ್ಟು ಕಮ್ಮಿ ಮಾಡಿ, ಅವರು ಪ್ರೀತಿಯಿಂದಲೇ ಕಳಿಸಿದ್ದು. ಎಂಟುನೂರು ಪದದೊಳಗೆ ಈ ತಿಂಗಳ ಇಪ್ಪತ್ತರೊಳಗೆ ಬರಲಿ, ನಾನೇ ಕೂತು ನೋಡ್ತೀನಿ. ಆಮೇಲೆ, ಅಜ್ಜಿ ಆ ಕಾರ್ಡನ್ನ ಎಲ್ಲಿಟ್ರು ಅಂತ ನೀವು ಬರೆದೇ ಇಲ್ಲ, ನೆನಪಿದ್ರೆ ಅದನ್ನ ಸೇರಿಸಿ.