ಹೂ, ವಿಚ್, ದಟ್: ಎಲ್ಲಿ ಹಾಕಬೇಕು, ಎಲ್ಲಿ ಬಿಡಬಹುದು?

ನೀವು ಕೇಳಿರುವುದು ಮೂರು ಸಂಗತಿ. ‘ದ ಬುಕ್ ವಿಚ್ ಐ ಬಾಟ್ ಇಟ್ ಈಸ್ ಗುಡ್’ ಎಂದು ಬರೆದರೆ ಮೇಷ್ಟ್ರು ‘ಇಟ್’ ಅನ್ನು ಯಾಕೆ ಹೊಡೆದು ಹಾಕುತ್ತಾರೆ? ವಿಚ್ ಸರಿಯೋ ದಟ್ ಸರಿಯೋ? ಕೆಲವರು ಎರಡನ್ನೂ ಹಾಕದೆ ಬರೆಯುತ್ತಾರಲ್ಲ, ಅದು ಹೇಗೆ? ನಾನು ಸಂಜೆ ಹೊತ್ತು ಕನ್ನಡ ಮಾಧ್ಯಮದಿಂದ ಬಂದ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಇವೇ ಪ್ರಶ್ನೆ ಬರುತ್ತವೆ. ಮೂರಕ್ಕೂ ಬೇರು ಒಂದೇ, ಅದು ನಮ್ಮ ಕನ್ನಡದಲ್ಲೇ ಇದೆ.

ಕನ್ನಡದಲ್ಲಿ ನಮಗೆ ಈ ತಲೆನೋವೇ ಇಲ್ಲ. ‘ಕೊಟ್ಟ’ ಅನ್ನುವ ಒಂದು ಕೃದಂತ ಸಿಕ್ಕರೆ ಸಾಕು: ಪುಸ್ತಕ ಕೊಟ್ಟ ಹುಡುಗಿ, ನಾನು ಕೊಟ್ಟ ಪುಸ್ತಕ, ಪುಸ್ತಕ ಕೊಟ್ಟ ದಿನ, ಕೊಟ್ಟ ಕಾರಣ, ಎಲ್ಲಕ್ಕೂ ಅದೇ ‘ಕೊಟ್ಟ’. ಹುಡುಗಿ ಕೊಟ್ಟವಳೋ, ತೆಗೆದುಕೊಂಡವಳೋ ಅನ್ನುವುದನ್ನು ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ಆ ಹುಡುಗಿ ಒಳಗಿನ ಸಣ್ಣ ವಾಕ್ಯದಲ್ಲಿ ಏನು ಕೆಲಸ ಮಾಡುತ್ತಿದ್ದಾಳೆ ಎಂದು ತೋರಿಸಲೇಬೇಕು. ಅವಳೇ ಕೊಟ್ಟಿದ್ದರೆ ‘ದ ಗರ್ಲ್ ಹೂ ಗೇವ್ ಮಿ ದ ಬುಕ್’, ನಾನು ಅವಳಿಗೆ ಕೊಟ್ಟಿದ್ದರೆ ‘ದ ಗರ್ಲ್ ಐ ಗೇವ್ ದ ಬುಕ್ ಟು’.

ಹಾಗಾಗಿ ಹೂ, ವಿಚ್ ಎಂದು ಯೋಚಿಸುವ ಮೊದಲು ಒಳಗಿನ ವಾಕ್ಯವನ್ನು ಬಿಡಿಯಾಗಿ ಬರೆದುಕೊಳ್ಳಿ. ‘ನಾನು ಹಣ್ಣು ಹೆಚ್ಚಿದ ಚಾಕು’ ಅನ್ನುವುದನ್ನೇ ತೆಗೆದುಕೊಳ್ಳೋಣ. ಬಿಡಿ ವಾಕ್ಯ ‘ಐ ಕಟ್ ದ ಫ್ರೂಟ್ ವಿತ್ ದ ನೈಫ್’. ಇದರಿಂದ ‘ದ ನೈಫ್’ ಎತ್ತಿ ಮುಂದಕ್ಕೆ ತನ್ನಿ. ‘ವಿತ್’ ಆದ ಮೇಲೆ ಒಂದು ಜಾಗ ಖಾಲಿ ಉಳಿಯಿತು, ಅಲ್ವಾ? ಅದು ಖಾಲಿಯೇ ಇರಬೇಕು: ‘ದ ನೈಫ್ ದಟ್ ಐ ಕಟ್ ದ ಫ್ರೂಟ್ ವಿತ್’. ಕನ್ನಡದಲ್ಲಿ ‘ಚಾಕುವಿನಿಂದ’ ಅನ್ನುವಾಗಿನ ‘ಇಂದ’ ಮಾಯವಾಗಿಬಿಡುತ್ತದೆ. ಅದಕ್ಕೇ ನಮ್ಮವರು ಇಂಗ್ಲಿಷಿನಲ್ಲೂ ‘ವಿತ್’ ಮರೆಯುವುದು ಜಾಸ್ತಿ. ವಾಕ್ಯ ‘ವಿತ್’ನಲ್ಲಿ ಮುಗಿಯಬಾರದು ಎಂದು ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಔಪಚಾರಿಕವಾಗಿ ಬರೆಯುವಾಗ ‘ವಿತ್ ವಿಚ್ ಐ ಕಟ್ ದ ಫ್ರೂಟ್’ ಎನ್ನಿ. ಅಲ್ಲಿ ‘ವಿತ್ ದಟ್’ ಮಾತ್ರ ನಡೆಯುವುದಿಲ್ಲ.

ಈಗ ನಿಮ್ಮ ‘ಇಟ್’ಗೆ ಬರೋಣ. ಪುಸ್ತಕದ ಪರವಾಗಿ ‘ವಿಚ್’ ಆಗಲೇ ಮುಂದೆ ಬಂದಿದೆ. ‘ಬಾಟ್’ ಆದ ಮೇಲೆ ಮತ್ತೆ ‘ಇಟ್’ ಹಾಕಿದರೆ ಬಸ್ಸಿನಲ್ಲಿ ಒಬ್ಬನೇ ಎರಡು ಸೀಟಿಗೆ ಟವೆಲ್ ಹಾಕಿದ ಹಾಗೆ. ಆದರೆ ‘ದ ಶಾಪ್ ವೇರ್ ಐ ಬಾಟ್ ಇಟ್’ ಸರಿ! ಅಲ್ಲಿ ಮುಂದಕ್ಕೆ ಬಂದಿರುವುದು ಅಂಗಡಿ, ಖಾಲಿಯಾಗಿರುವುದು ‘ಇನ್ ದ ಶಾಪ್’ ಇದ್ದ ಜಾಗ, ಕೊಂಡ ವಸ್ತು ಇನ್ನೂ ಅಲ್ಲೇ ಇದೆ. ‘ಇಟ್ ಹಾಕಬಾರದು’ ಎಂದು ಸುಮ್ನೆ ಬಾಯಿಪಾಠ ಮಾಡಿದವರು ಇಲ್ಲೂ ಅದನ್ನು ಕಿತ್ತುಹಾಕುತ್ತಾರೆ.

ಊರಿನ ಹೆಸರು ಕಂಡ ಕೂಡಲೇ ‘ವೇರ್’ ಹಾಕುವವರದೂ ಇದೇ ಕಥೆ. ‘ದ ಸಿಟಿ ವೇರ್ ಐ ಸ್ಟಡೀಡ್’ ಸರಿ, ಏಕೆಂದರೆ ಊರಿನಲ್ಲಿ ಓದಿದ್ದು. ‘ದ ಸಿಟಿ ವೇರ್ ಐ ಲೈಕ್’ ತಪ್ಪು, ಏಕೆಂದರೆ ಇಷ್ಟಪಟ್ಟಿದ್ದು ಊರನ್ನೇ. ಅಲ್ಲಿ ‘ದಟ್’ ಬರಬೇಕು, ಇಲ್ಲವೇ ಏನೂ ಬೇಡ.

ಏನೂ ಬೇಡ ಅನ್ನುವುದು ಯಾವಾಗ? ‘ದಟ್’ ಅಥವಾ ‘ಹೂ’ ಆದ ಮೇಲೆ ನೇರವಾಗಿ ಕ್ರಿಯಾಪದ ಬಂದರೆ ಬಿಡುವ ಹಾಗಿಲ್ಲ. ‘ದ ಮ್ಯಾನ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಅಂಕಲ್’ ಅಂದರೆ ಕೇಳುವವನಿಗೆ ‘ಈಸ್’ ಹತ್ತಿರ ಗಾಡಿ ನಿಂತುಹೋಗುತ್ತದೆ. ಐ, ಯು, ಶಿ, ರವಿ ಅಂತ ಬೇರೆ ಯಾರಾದರೂ ಬಂದರೆ ಧಾರಾಳವಾಗಿ ಬಿಡಿ: ‘ದ ಮ್ಯಾನ್ ಐ ಮೆಟ್ ಯೆಸ್ಟರ್‌ಡೇ’. ಕಾಮಾ ಹಾಕಿದ ಕಡೆ ಮಾತ್ರ ಬಿಡಬೇಡಿ.

ಕಾಮಾ ಸಣ್ಣ ವಿಷಯ ಅಲ್ಲ. ‘ಹುಬ್ಬಳ್ಳಿಯಲ್ಲಿರುವ ನನ್ನ ಅಣ್ಣ ಡಾಕ್ಟರ್’ ಅಂದರೆ ನನಗೆ ಒಬ್ಬನೇ ಅಣ್ಣನೋ, ಬೇರೆ ಊರಿನಲ್ಲಿ ಇನ್ನೂ ಇದ್ದಾರೋ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಮೈ ಬ್ರದರ್ ಹೂ ಲಿವ್ಸ್ ಇನ್ ಹುಬ್ಬಳ್ಳಿ’ ಎಂದು ಕಾಮಾ ಇಲ್ಲದೆ ಬರೆದರೆ, ಅಣ್ಣಂದಿರಲ್ಲಿ ಹುಬ್ಬಳ್ಳಿಯವನು ಎಂದು ಆರಿಸಿ ತೋರಿಸಿದ ಹಾಗೆ. ಎರಡೂ ಕಡೆ ಕಾಮಾ ಹಾಕಿದರೆ ಇರುವವನು ಒಬ್ಬನೇ, ಹುಬ್ಬಳ್ಳಿ ಅನ್ನುವುದು ಜೊತೆಗೆ ಸಿಕ್ಕ ಮಾಹಿತಿ. ಒಬ್ಬರ ಹೆಸರೇ ಹೇಳಿದ ಮೇಲೆ ಆರಿಸಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ‘ಕುವೆಂಪು, ಹೂ ವಾಸ್ ಬಾರ್ನ್ ಇನ್ 1904, ಟಾಟ್ ಇನ್ ಮೈಸೂರು’ ಎಂದು ಕಾಮಾ ಬೇಕು. ಹೀಗೆ ಕಾಮಾ ಹಾಕಿದ ಉಪವಾಕ್ಯಕ್ಕೆ ‘ದಟ್’ ಬರುವುದಿಲ್ಲ. ಜನರಿಗೆ ‘ಹೂ’, ವಸ್ತುಗಳಿಗೆ ‘ವಿಚ್’.

ಕಾಮಾ ಇಲ್ಲದ ಕಡೆ ವಿಚ್‌ ಸರಿಯೋ ದಟ್‌ ಸರಿಯೋ ಅನ್ನುವ ಜಗಳ ನನ್ನ ಪ್ರಕಾರ ಅತಿಯಾಯಿತು. 1926ರಲ್ಲಿ ಇಂಗ್ಲೆಂಡಿನ ಫೌಲರ್ ಎಂಬ ನಿಘಂಟುಕಾರ, ಕಾಮಾ ಇಲ್ಲದ ಕಡೆ ದಟ್, ಕಾಮಾ ಇದ್ದ ಕಡೆ ವಿಚ್ ಎಂದು ಹಂಚಿಕೊಂಡರೆ ಚೆನ್ನ ಎಂದು ಬರೆದ. ಹೆಚ್ಚಿನ ಬರಹಗಾರರು ಹಾಗೆ ಬರೆಯುತ್ತಿಲ್ಲ ಎಂದೂ ಅವನೇ ಒಪ್ಪಿಕೊಂಡಿದ್ದ. ಅಮೆರಿಕದ ಸಂಪಾದಕರು ಆ ಸಲಹೆಯನ್ನೇ ನಿಯಮ ಮಾಡಿಕೊಂಡರು. ಬ್ರಿಟಿಷ್ ಬರಹದಲ್ಲಿ ಇವತ್ತಿಗೂ ಎರಡೂ ನಡೆಯುತ್ತವೆ. ಸಂದೇಹ ಬಂದರೆ ‘ದಟ್’ ಹಾಕಿ, ಯಾರೂ ತಕರಾರು ಮಾಡುವುದಿಲ್ಲ.

ಇನ್ನೊಂದು ಹೇಳಲೇಬೇಕು. ‘ಯಾವ ಬಸ್ಸು ಮೆಜೆಸ್ಟಿಕ್‌ಗೆ ಹೋಗುತ್ತೋ ಆ ಬಸ್ಸು’ ಎಂದು ನಾವು ಹೇಳುತ್ತೇವಲ್ಲ, ಅದನ್ನೇ ‘ವಿಚ್ ಬಸ್ ಗೋಸ್ ಟು ಮೆಜೆಸ್ಟಿಕ್, ದಟ್ ಬಸ್’ ಎಂದು ಇಳಿಸಬೇಡಿ. ಬಸ್ಸು ಮೊದಲು ಬರಲಿ: ‘ದ ಬಸ್ ದಟ್ ಗೋಸ್ ಟು ಮೆಜೆಸ್ಟಿಕ್’. ‘ದ ಥಿಂಗ್ ವಾಟ್ ಯು ಸೆಡ್’ ಕೂಡ ಬೇಡ. ‘ವಾಟ್’ ಒಳಗೇ ‘ದ ಥಿಂಗ್’ ಸೇರಿಕೊಂಡಿದೆ, ಬರೀ ‘ವಾಟ್ ಯು ಸೆಡ್’ ಸಾಕು. ‘ಹೂಸ್’ ವಸ್ತುಗಳಿಗೂ ಆಗುತ್ತದೆ, ‘ಎ ಹೌಸ್ ಹೂಸ್ ರೂಫ್ ಲೀಕ್ಸ್’ ಎಂದು ಧೈರ್ಯವಾಗಿ ಬರೆಯಿರಿ. ‘ಹೂಮ್’ ಅನ್ನು ಮಾತಿನಲ್ಲಿ ಬಿಟ್ಟರೂ ನಡೆಯುತ್ತದೆ. ‘ಟು’, ‘ವಿತ್’ ಥರದವು ಅದರ ಮುಂದೆಯೇ ಬಂದು ಕೂತಾಗ ಮಾತ್ರ ‘ಟು ಹೂ’ ಎನ್ನದೆ ‘ಟು ಹೂಮ್’ ಎಂದೇ ಬರೆಯಿರಿ.