ಸೀಲಿಯಾಕ್ ಇರುವವರಿಗೆ ಸೆರೊಟೋನಿನ್ ಮಾತ್ರೆ ಬೇಕೇ?

ತೀರ್ಥಹಳ್ಳಿಯಿಂದ ನೀವು ಕೇಳಿದ್ದು: ತಂಗಿಗೆ ಸೀಲಿಯಾಕ್ (ಗೋಧಿ, ಬಾರ್ಲಿಯ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿನ ಒಳಪದರ ಸವೆಯುವ ರೋಗ) ಎಂದು ಬಯಾಪ್ಸಿಯಲ್ಲಿ ಖಚಿತವಾಗಿ ನಾಲ್ಕು ತಿಂಗಳು. ಚಪಾತಿ, ಬ್ರೆಡ್ ಬಿಟ್ಟಿದ್ದಾಳೆ. ಆದರೂ ಉಂಡ ಕೂಡಲೇ ಭೇದಿ, ಮನಸ್ಸೂ ಮಂಕು. ಮನಸ್ಸಿಗೂ ಕರುಳಿಗೂ ಬೇಕಾದ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆ ಇರಬೇಕು, ದೇಹದಲ್ಲಿ ಸೆರೊಟೋನಿನ್ ಆಗುವ 5-ಎಚ್‌ಟಿಪಿ ಮಾತ್ರೆ ತರಿಸಿ ಕೊಡಲೇ?

ದಯವಿಟ್ಟು ಕೊಡಬೇಡಿ. ಅವಳ ಕರುಳು ಇನ್ನೂ ವಾಸಿಯಾಗಿಲ್ಲದಿದ್ದರೆ ಅಲ್ಲಿ ಸೆರೊಟೋನಿನ್ ಕಡಿಮೆ ಇರುವುದಕ್ಕಿಂತ ಹೆಚ್ಚಿರುವ ಸಂಭವವೇ ಜಾಸ್ತಿ.

ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರುವುದು ಕರುಳಿನಲ್ಲೇ. ಒಳಪದರದ ಎಂಟರೊಕ್ರೊಮಾಫಿನ್ ಕೋಶಗಳು ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಂಶವನ್ನು ಮೊದಲು 5-ಎಚ್‌ಟಿಪಿ, ಆಮೇಲೆ ಸೆರೊಟೋನಿನ್ ಮಾಡಿಡುತ್ತವೆ. ಊಟ ಇಳಿದಾಗ ಅದನ್ನು ಬಿಡುತ್ತವೆ. ಕರುಳು ಹಿಂಡುತ್ತದೆ, ನೀರು ಒಸರುತ್ತದೆ. ಕೆಲಸ ಮುಗಿದದ್ದನ್ನು ಸರ್ಟ್ ಎಂಬ ಪ್ರೋಟೀನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ; ಅಲ್ಲಿ ಸೆರೊಟೋನಿನ್ ಒಡೆದು 5-ಎಚ್‌ಐಎಎ ಆಗಿ ಮೂತ್ರದಲ್ಲಿ ಹೋಗುತ್ತದೆ. ಪಥ್ಯ ಶುರುವಾಗದ ಸೀಲಿಯಾಕ್‌ನಲ್ಲಿ ಈ ಕೋಶಗಳೇ ಹೆಚ್ಚಾಗುತ್ತವೆ, ಊಟದ ನಂತರ ರಕ್ತದಲ್ಲಿ ಸೆರೊಟೋನಿನ್ ಏರುತ್ತದೆ.  ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಮಲಬದ್ಧತೆ ತರುವುದೂ ಕರುಳಿನ ಸೆರೊಟೋನಿನ್ ಗ್ರಾಹಕವನ್ನು (ಅದು ಬಂದು ಕೂರುವ ರಿಸೆಪ್ಟರನ್ನು) ತಡೆಯುವುದರಿಂದಲೇ.

ಈ ಸೆರೊಟೋನಿನ್ ಮಿದುಳಿಗೆ ಹೋಗುವುದಿಲ್ಲ, ಮಿದುಳು ತನ್ನದನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಮಂಕಿಗೆ ಬೇರೆ ಕಾರಣ ಹುಡುಕಬೇಕು: ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನೋಡಿಸಿ. ಸವೆದ ಕರುಳು ಕಬ್ಬಿಣ, ಫೋಲೇಟ್ ಸರಿಯಾಗಿ ಹೀರುವುದಿಲ್ಲ. ಥೈರಾಯ್ಡ್ ತೊಂದರೆಯೂ ಸೀಲಿಯಾಕ್ ಜೊತೆ ಬರುವುದುಂಟು. ಅವಳು ಖಿನ್ನತೆಗೆ ಎಸ್‌ಎಸ್‌ಆರ್‌ಐ (ಸೆರೊಟೋನಿನ್ ಹೆಚ್ಚಿಸುವ) ಮಾತ್ರೆ ನುಂಗುತ್ತಿದ್ದರಂತೂ 5-ಎಚ್‌ಟಿಪಿ ಸೇರಿಸುವುದು ಅಪಾಯ.

24 ಗಂಟೆಯ ಮೂತ್ರದ 5-ಎಚ್‌ಐಎಎ ಪರೀಕ್ಷೆಯನ್ನು ನೀವಾಗಿ ಮಾಡಿಸಬೇಡಿ. ಅದು ಸೆರೊಟೋನಿನ್ ಸುರಿಸುವ ಕಾರ್ಸಿನಾಯ್ಡ್ ಗಡ್ಡೆ ಹುಡುಕಲು ಇರುವುದು. ಹಿಂದಿನ ಮೂರು ದಿನ ಬಾಳೆಹಣ್ಣು, ಅನಾನಸ್, ಟೊಮೆಟೊ ತಿಂದರೆ ಅಂಕಿ ಏರುತ್ತದೆ. ವಾಸಿಯಾಗದ ಸೀಲಿಯಾಕ್‌ನಲ್ಲೂ ಏರಬಹುದು. ಸುಮ್ಮನೆ ಗಾಬರಿ.

ಭೇದಿ ನಿಲ್ಲದಿದ್ದರೆ ನಾನು ಮೊದಲು ನೋಡುವುದು ಇಂಗಿನ ಡಬ್ಬಿ. ಅಂಗಡಿಯ ಇಂಗಿನ ಪುಡಿಯಲ್ಲಿ ಬಹಳಷ್ಟಕ್ಕೆ ಗೋಧಿ ಹಿಟ್ಟು ಬೆರೆತಿರುತ್ತದೆ, ಅದು ದಿನಾ ಸಾರು, ತಂಬುಳಿ, ಉಪ್ಪಿನಕಾಯಿಗೆ ಬೀಳುತ್ತದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಹಲವರ ಕರುಳು ಕೆಡಿಸಲು ಸಾಕು. ಅರ್ಧ ಗ್ರಾಂಗಿಂತ ತುಸು ಹೆಚ್ಚು ಮೈದಾದಲ್ಲಿ ಅಷ್ಟಿರುತ್ತದೆ. ಎರಡನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿ ಬೀಸಿದರೆ ಅಕ್ಕಿರೊಟ್ಟಿಗೂ ಗೋಧಿ ಸೇರುತ್ತದೆ. ಅಕ್ಕಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಸಜ್ಜಿಗೆ, ಹೋಳಿಗೆ, ಚಿರೋಟಿ, ಬಾರ್ಲಿ ಮಾಲ್ಟಿನ ಹಾಲಿನ ಪುಡಿ ಬೇಡ. ಅಕ್ಕಿಯ ಕಡುಬು, ತೆಳ್ಳೇವು, ಅಕ್ಕಿಯ ಒತ್ತುಶ್ಯಾವಿಗೆ, ರಾಗಿ ಎಲ್ಲ ಆಗುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಈ ಪಥ್ಯ ಕಷ್ಟವಲ್ಲ. ಪ್ಯಾಕೆಟ್ ಕೊಂಡರೆ ‘ಗ್ಲುಟೆನ್ ಫ್ರೀ’ ಎಂದಿರಲಿ. ಅಂದರೆ ಕೆಜಿಗೆ 20 ಮಿಲಿಗ್ರಾಂ ಒಳಗೆ.

ಹಾಲನ್ನೂ ಎರಡು ವಾರ ಬಿಟ್ಟು ನೋಡಿ. ಕರುಳು ಸವೆದಾಗ ಹಾಲಿನ ಸಕ್ಕರೆ ಜೀರ್ಣಿಸುವ ಲ್ಯಾಕ್ಟೇಸ್ ಕುಗ್ಗಿ ಹಾಲೇ ಭೇದಿ ತರುತ್ತದೆ. ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಆರು ತಿಂಗಳಿಗೆ ಟಿಟಿಜಿ-ಐಜಿಎ (ಸೀಲಿಯಾಕ್ ಗುರುತಿಸುವ ಐಜಿಎ ಪ್ರತಿಕಾಯದ ರಕ್ತಪರೀಕ್ಷೆ) ಮತ್ತೆ ಮಾಡಿಸಿ, ಮೊದಲಿನ ಅಂಕಿ ಪಕ್ಕಕ್ಕಿಟ್ಟು ಹೋಲಿಸಿ. ಇಳಿದಿಲ್ಲವೆಂದರೆ ಗೋಧಿ ಎಲ್ಲಿಂದಲೋ ಬರುತ್ತಿದೆ. ಇಳಿದೂ ಭೇದಿ ನಿಲ್ಲದಿದ್ದರೆ ಜಠರ-ಕರುಳು ತಜ್ಞರನ್ನು ಕಾಣಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಆರು ತಿಂಗಳು ಕಾಯಬೇಡಿ.

ಒಡಹುಟ್ಟಿದವರಿಗೂ ಈ ರೋಗ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ನೀವೂ ಟಿಟಿಜಿ-ಐಜಿಎ ಜೊತೆ ಒಟ್ಟು ಐಜಿಎ ಮಾಡಿಸಿ. ಆದರೆ ತಂಗಿಯ ಜೊತೆಗೆಂದು ನೀವೂ ಗೋಧಿ ಬಿಡುವ ಮೊದಲೇ. ಬಿಟ್ಟ ಮೇಲೆ ರೋಗವಿದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು.